ನೋಡದೆ ಬರೆದವರಿಗೆ ಮೈಸೂರು ಪೇಟ

ಕ್ಷಮೆ ದೊಡ್ಡ ಗುಣ ಎಂದು ನಮ್ಮ ತಂದೆ ಹೇಳುತ್ತಿದ್ದರು. ಅವರು ಧಾರಾವಾಹಿ ಬರೆದವರಲ್ಲ.

ನಾನು ಬರೆದಿದ್ದೆ. ತೊಂಬತ್ತರ ದಶಕದ ಕೊನೆಯ ಮಾತು. ಹಗಲು ಕೆ.ಆರ್. ಪುರಂ ಕಡೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ನಕ್ಷೆ ಎಳೆಯುತ್ತ, ಸಂಜೆ ಕ್ವಾರ್ಟರ್ಸಿನ ಊಟದ ಮೇಜಿನ ಮೇಲೆ ಒಬ್ಬ ಗೂಢಚಾರನನ್ನು ಸಾಕುತ್ತಿದ್ದೆ. ಕುಕ್ ಟೌನಿನ ಹಳೇ ಬಂಗಲೆಯ ಔಟ್‌ಹೌಸಿನಲ್ಲಿ ವಿಮಾ ಏಜೆಂಟನ ವೇಷದಲ್ಲಿದ್ದ ಅವನು ದೇಶದ ಶತ್ರುಗಳನ್ನು ಕೊಡೆಯಿಂದ ಬಡಿಯುತ್ತಿದ್ದ. ಬಡಿದ ಮೇಲೆ ಅವರಿಗೂ ಒಂದೊಂದು ಪಾಲಿಸಿ ಮಾಡಿಸುತ್ತಿದ್ದ. ಟಿವಿಯವರು ಮಂಜೂರು ಮಾಡಿದ್ದು ಹದಿಮೂರು ಕಂತು. ಇನ್ನೂ ಹದಿಮೂರು ಬೇಕಾದರೆ, ಒಂದಾದರೂ ಒಳ್ಳೆಯ ವಿಮರ್ಶೆಯನ್ನು ಅಗರಬತ್ತಿ ಕಂಪನಿಯ ಪ್ರಾಯೋಜಕರ ಮುಂದಿಡಬೇಕು ಎಂದು ನಿರ್ಮಾಪಕರು ಹೇಳಿದ್ದರು.

ವಿಮರ್ಶೆ ಬರೆಯುವ ಮಹಾಶಯರು ನಮ್ಮ ಕಾಲೊನಿಯಲ್ಲೇ ಇದ್ದರು. ವಾರಪತ್ರಿಕೆಯೊಂದಕ್ಕೆ ಟಿವಿ ಅಂಕಣ. ಹೊಟ್ಟೆಪಾಡಿಗೆ ನಮ್ಮ ಕಾರ್ಖಾನೆಯ ತಪಾಸಣಾ ವಿಭಾಗ. ಅವರು ಬರೆದರು: ‘ಬೆನ್ನಟ್ಟುವ ದೃಶ್ಯದಲ್ಲಿ ವೇಗವೇ ಇಲ್ಲ. ನಗೆಯಂತೂ ದೂರದ ಮಾತು. ಲೇಖಕರು ತಮ್ಮ ಮೂಲ ಕಸುಬಿಗೆ ಮರಳುವುದು ಕ್ಷೇಮ.’

ಆ ದೃಶ್ಯ ನಡೆಯುವುದು ಟಿನ್ ಫ್ಯಾಕ್ಟರಿ ಜಂಕ್ಷನ್ನಿನಲ್ಲಿ. ಸ್ಕೂಟರಿನಲ್ಲಿ ಗೂಢಚಾರ, ಮುಂದಿನ ಕಾರಿನಲ್ಲಿ ಶತ್ರು, ಸುತ್ತ ಅಲ್ಲಾಡದೆ ನಿಂತ ಬಸ್ಸುಗಳು. ನಮ್ಮವನು ಇಳಿದು ಕಬ್ಬಿನ ಹಾಲು ಕುಡಿದು, ಕಾರಿನ ಕಿಟಕಿಯಲ್ಲಿ ಶತ್ರುವಿಗೂ ಒಂದು ಲೋಟ ಕೊಟ್ಟು, ಮತ್ತೆ ಬಂದು ಸ್ಕೂಟರ್ ಹತ್ತಿ ಬೆನ್ನಟ್ಟುತ್ತಾನೆ. ವೇಗ ಇಲ್ಲದಿರುವುದೇ ಅಲ್ಲಿನ ತಮಾಷೆ. ದಿನಾ ಅದೇ ಜಂಕ್ಷನ್ನಿನಲ್ಲಿ ಕಾರ್ಖಾನೆ ಬಸ್ಸಿನೊಳಗೆ ಬೇಯುವ ಮನುಷ್ಯನಿಗೆ ಇದು ಹೊಳೆಯಲಿಲ್ಲವೇ?

ಕ್ಯಾಂಟೀನಿನಲ್ಲಿ ಮಾತ್ರ ಎಲ್ಲರಿಗೂ ಏನೇನೋ ಹೊಳೆಯಿತು. “ಏನ್ ಗುರು, ನಿಮ್ ಗೂಢಚಾರನ ಗಾಡಿಗೆ ಪೆಟ್ರೋಲೇ ಹಾಕ್ಸಿಲ್ವಂತೆ?”

ಹಲಸೂರು ಮಾರ್ಕೆಟ್ಟಿನಲ್ಲಿ ಆ ವಾರ ವಿಮರ್ಶಕರ ಹೆಂಡತಿ ಸಿಕ್ಕರು. ಕೈಯಲ್ಲಿ ದಂಟಿನ ಸೊಪ್ಪು, ಮುಖದ ತುಂಬ ನಗು. “ಸಾರ್, ಆ ಕಬ್ಬಿನ್ ಹಾಲಿನ ಸೀನು! ನಕ್ಕು ನಕ್ಕು ಹೊಟ್ಟೆ ನೋವು ಬಂತು.”

“ನಿಮ್ಮ ಯಜಮಾನ್ರು ಹಾಗೆ ಬರ್ದಿಲ್ವಲ್ಲಮ್ಮ.”

“ಅಯ್ಯೋ, ಅವರೆಲ್ಲಿ ನೋಡಿದ್ರು? ಸೆಕೆಂಡ್ ಶಿಫ್ಟಲ್ವಾ! ಊಟಕ್ಕೆ ಕೂತಾಗ ನಾನ್ ಕಥೆ ಹೇಳ್ತೀನಿ, ಅವ್ರು ಬರ್ಕೋತಾರೆ. ‘ಗಾಡಿ ಮುಂದಕ್ಕೇ ಹೋಗಲ್ಲ ರೀ’ ಅಂದೆ. ಅಷ್ಟೇ.”

ಗೇಜು ಹಿಡಿದು ಅಳೆಯದೆ ಒಂದು ಬೋಲ್ಟನ್ನೂ ತಿರಸ್ಕರಿಸದ ಮನುಷ್ಯ ನನ್ನ ಧಾರಾವಾಹಿಯನ್ನು ನೋಡದೆಯೇ ತಿರಸ್ಕರಿಸಿದ್ದರು. ಈ ರಹಸ್ಯವನ್ನು ನಾನು ಕ್ಯಾಂಟೀನಿನಲ್ಲಿ ನಾಲ್ವರಿಗೆ ಮಾತ್ರ, ಅತ್ಯಂತ ಗುಟ್ಟಾಗಿ, ಸ್ವಲ್ಪ ಜೋರಾಗಿ ಹೇಳಿದೆ.

ಅಷ್ಟಕ್ಕೆ ತೃಪ್ತಿಯಾಗಲಿಲ್ಲ. ಕಾರ್ಖಾನೆಗಳಲ್ಲಿ ರಾಜ್ಯೋತ್ಸವ ಒಂದು ದಿನಕ್ಕೆ ಮುಗಿಯುವುದಿಲ್ಲ. ನವೆಂಬರ್ ಪೂರ್ತಿ ಎಳೆಯುತ್ತದೆ. ನಮ್ಮ ಕನ್ನಡ ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ ನಾನೇ. ಕಾಲೊನಿಯ ಸಭಾಂಗಣದಲ್ಲಿ ವಿಮರ್ಶಕರಿಗೆ ಸನ್ಮಾನ ಏರ್ಪಡಿಸಿದೆ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮೈಸೂರು ಪೇಟ ತೊಡಿಸಿದೆವು. ಪೇಟ ತಲೆಯ ಮೇಲೆ ಕೂತ ನಂತರವೇ ಕಾರ್ಯಕ್ರಮದ ಮುಂದಿನ ಅಂಶ ಪ್ರಕಟಿಸಿದೆ: ಬಾಡಿಗೆಗೆ ತಂದ ದೊಡ್ಡ ಟಿವಿಯಲ್ಲಿ ಅದೇ ಕಂತಿನ ಪ್ರದರ್ಶನ, ತರುವಾಯ ಮಾನ್ಯರಿಂದ ಉಪನ್ಯಾಸ, ವಿಷಯ ‘ಹಾಸ್ಯದ ಕೊರತೆ’.

ನಾನು ಟಿವಿ ನೋಡಲಿಲ್ಲ, ಪೇಟವನ್ನೇ ನೋಡುತ್ತಿದ್ದೆ. ಬಸ್ಸುಗಳ ಸಾಲು ಬಂದಾಗ ಅದು ಸ್ವಲ್ಪ ಅದುರಿತು. ಶತ್ರು ಕಿಟಕಿಯಿಂದ ಕೈಚಾಚಿ “ಐಸ್ ಬೇಡ” ಎಂದಾಗ ಪೂರ್ತಿ ಕುಲುಕಿತು. ಕೊನೆಗೆ ಮಾನ್ಯರು ಶಾಲಿನಿಂದ ಕಣ್ಣೊರೆಸಿಕೊಂಡರು. ಇಷ್ಟು ಮಧುರವಾದ ದೃಶ್ಯವನ್ನು ನಾನು ಇನ್ನೊಂದು ನೋಡಿಲ್ಲ.

ಆದರೂ ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. “ನಗು ಬರಿಸೋ ಶಕ್ತಿ ಈ ಕೃತಿಗೆ...”

ಹೆಂಗಸರ ಸಾಲಿನಿಂದ ಅವರ ಹೆಂಡತಿ ಕೂಗಿ ಹೇಳಿದರು: “ರೀ, ಮೊದಲು ಪೇಟ ನೆಟ್ಟಗೆ ಮಾಡ್ಕೊಳ್ಳಿ. ನಕ್ಕಿದ್ದಕ್ಕೆ ವಾಲ್ಬಿಟ್ಟಿದೆ.”

ಉಪನ್ಯಾಸ ಅಲ್ಲಿಗೆ ಸಂಪನ್ನವಾಯಿತು.

ಆಮೇಲೆ ವೇದಿಕೆಯ ಹಿಂದೆ ಅವರು ನನ್ನ ಕೈ ಹಿಡಿದುಕೊಂಡರು. “ನಿಜ ಹೇಳ್ತೀನಿ ಸಾರ್, ಆವತ್ತು ನೋಡೋಕಾಗ್ಲಿಲ್ಲ. ಮುಂದಿನ್ ವಾರಾನೇ ಚೆನ್ನಾಗಿ ಬರ್ದ್ಬಿಡ್ತೀನಿ.”

ಇನ್ನೂ ಹದಿಮೂರು ಕಂತು ಕೈಗೆ ಎಟಕುವಷ್ಟು ಹತ್ತಿರ ಬಂದು ನಿಂತಿತ್ತು.

“ಬರೀರಿ ಸಾರ್,” ಎಂದೆ. “ಮೊದಲ್ನೇ ಸಾಲಲ್ಲಿ, ಹಿಂದಿನದ್ದು ನೋಡ್ದೇ ಬರ್ದಿದ್ದು ಅಂತ ಹಾಕ್ಬಿಡಿ.”

“ಅದು ಹೇಗಾಗುತ್ತೆ? ಎರಡನೇ ಸಲ ನೋಡ್ದಾಗ ಹಿಡಿಸ್ತು ಅಂತ ಹಾಕ್ತೀನಿ.”

“ಎರಡನೇ ಸಲಕ್ಕೆ ಮೊದಲ್ನೇ ಸಲ ಒಂದು ಬೇಕಲ್ಲ ಸಾರ್.”

ಅವರು ಕೈ ಬಿಟ್ಟು, ಹಣ್ಣಿನ ಬುಟ್ಟಿ ಎತ್ತಿಕೊಂಡು ಹೊರಟರು. ವಿಮರ್ಶೆ ಬರಲಿಲ್ಲ. ಹದಿಮೂರನೇ ಕಂತಿಗೆ ಗೂಢಚಾರ ಕೊಡೆ ಮಡಿಸಿದ.

ನಿರ್ಮಾಪಕರು ತಲೆ ಚಚ್ಚಿಕೊಂಡರು. “ಬಾಯ್ಮುಚ್ಕೊಂಡು ಹೂಂ ಅನ್ನೋಕೇನಾಗಿತ್ತು ನಿಮ್ಗೆ? ಇನ್ನೂ ಮೂರು ತಿಂಗಳು ಓಡ್ತಿತ್ತಲ್ರೀ!”

ಮೂರೇ ತಿಂಗಳು. ನನ್ನದು ಅದಕ್ಕಿಂತ ಹೆಚ್ಚು ಓಡಿತು. ಕಾಲೊನಿಯಲ್ಲಿ ಆ ಮಹಾಶಯರು ರಾಜಕೀಯ, ಕ್ರಿಕೆಟ್ಟು, ಪಕ್ಕದ ಮನೆಯ ಹುಡುಗಿಗೆ ಬಂದ ಗಂಡು, ಯಾವುದರ ಬಗ್ಗೆ ಬಾಯಿ ತೆರೆದರೂ ಯಾರಾದರೂ ಒಬ್ಬರು ವಿನಯದಿಂದ ಕೇಳುತ್ತಿದ್ದರು: “ತಾವು ನೋಡಿದ್ರಾ ಸಾರ್?” ಅವರ ನಿವೃತ್ತಿಯ ಬೀಳ್ಕೊಡುಗೆಯಲ್ಲೂ ಒಬ್ಬ ಕೇಳಿದ. ನಾನು ಯಾರಿಗೂ ಹೇಳಿಕೊಟ್ಟವನಲ್ಲ. ಮೊದಲ ಸಲ ಕೇಳಿದವನು ಮಾತ್ರ ನಾನು.