ಅಂಚಿನಲ್ಲಿದ್ದ ಕಥೆಗಳು

ಆ ದಿನ ಮಂಡ್ಯದ ಗುತ್ತಲಿನ ಮನೆಯಲ್ಲಿ ನೀರು ಹಿಡಿದೆ, ಇಡ್ಲಿ ಬೇಯಿಸಿದೆ, ಯಜಮಾನರ ಬಿ.ಪಿ. ಮಾತ್ರೆ ತೆಗೆದಿಟ್ಟೆ, ಮದ್ದೂರಿನ ಬಸ್ಸು ಹತ್ತಿದೆ. ಕಾಲೇಜಿನ ಗ್ರಂಥಾಲಯದ ಬೀಗ ತೆಗೆದು ಪತ್ರಿಕೆಗಳಿಗೆ ಸೀಲು ಹೊಡೆದೆ, ವಾಪಸು ಬಂದ ಹನ್ನೊಂದು ಪುಸ್ತಕ ಕಪಾಟಿಗೆ ಸೇರಿಸಿದೆ. ಕಳೆದ ವರ್ಷದ ಜೂನ್ ತಿಂಗಳು. ನಾನು ಅಲ್ಲಿ ಗ್ರಂಥಪಾಲಕಿಯಾಗಿ ಹತ್ತೊಂಬತ್ತನೆಯ ವರ್ಷ. ಹತ್ತೂವರೆಗೆ ಪುಟ್ಟಮಾದಯ್ಯ ಮೇಷ್ಟ್ರು ಬಂದರು.

ಮೇಷ್ಟ್ರು ವೈದ್ಯನಾಥಪುರದವರು, ನಮ್ಮಲ್ಲೇ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಹೋಗುವಾಗ ತಮ್ಮ ಸ್ವಂತ ಪ್ರತಿಯೊಂದನ್ನು ಗ್ರಂಥಾಲಯಕ್ಕೆ ಕೊಟ್ಟಿದ್ದರು: ಜಗತ್ತೆಲ್ಲ ಬಲ್ಲ ಆಂಗ್ಲ ನಾಟಕಕಾರನ ಸಮಗ್ರ ನಾಟಕಗಳು, ಒಂದೇ ದಪ್ಪ ಸಂಪುಟ. ಅದರ ಅಂಚಿನ ತುಂಬ ಅವರ ಪೆನ್ಸಿಲ್ ಬರಹ, ಕನ್ನಡದಲ್ಲಿ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಗಿಸಬೇಕು, ಯಾವ ಮಾತಿಗೆ ನಮ್ಮೂರ ಯಾವ ಕಥೆ ಹೇಳಬೇಕು, ಎಲ್ಲ ಅಲ್ಲಿತ್ತು. ಇಂಗ್ಲಿಷಿನಲ್ಲಿ ಫೇಲಾದ ಮಕ್ಕಳಿಗೆ ಜುಲೈನಲ್ಲಿ ವಿಶೇಷ ತರಗತಿ ನಡೆಸಿಕೊಡಿ ಎಂದು ಪ್ರಿನ್ಸಿಪಾಲರು ಕೇಳಿದ್ದರು. ಮೇಷ್ಟ್ರಿಗೆ ಈಚೆಗೆ ಮರೆವು. “ಆ ಪುಸ್ತಕ ಕೈಲಿದ್ರೆ ಪಾಠಕ್ ನಿಂತ್ಕತೀನಿ, ಇಲ್ದಿದ್ರೆ ಇಲ್ಲ” ಎಂದು ಒಪ್ಪಿದ್ದರು.

ಬೆನ್ನು ಕಿತ್ತುಹೋಗಿದ್ದ ಪುಸ್ತಕವನ್ನು ಹಾಗೇ ಕೊಡುವುದು ಹೇಗೆಂದು ನಾನು ಮಂಡ್ಯದ ಬೈಂಡರ್ ನಂಜುಂಡಪ್ಪನಿಗೆ ಕಳಿಸಿದ್ದೆ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಹಿಂದಿನ ಸಂಜೆಯಷ್ಟೇ ಬಂದಿತ್ತು. ಕೆಂಪು ಕ್ಯಾಲಿಕೋ ಬಟ್ಟೆಯ ರಟ್ಟು, ಬಂಗಾರದ ಅಕ್ಷರ. ನಾನು ಬಿಚ್ಚಿಯೂ ನೋಡದೆ ಮೇಷ್ಟ್ರ ಕೈಗಿಟ್ಟೆ.

ಮೇಷ್ಟ್ರು ನಾಲ್ಕು ಹಾಳೆ ಮಗುಚಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಮಗುಚಿದರು.

“ಏನವ್ವಾ, ನನ್ ಪುಸ್ತಕದ ಗಡ್ಡ ಮೀಸೆ ಎಲ್ಲ ಬೋಳಿಸ್ಬುಟ್ಟಿದ್ದೀಯಲ್ಲ!”

ಬೈಂಡಿಂಗಿನಲ್ಲಿ ಹೊಲಿಗೆ ಆದ ಮೇಲೆ ಪುಸ್ತಕದ ಮೂರು ಬದಿಯನ್ನೂ ಕಟಿಂಗ್ ಮಿಷಿನ್ನಿಗೆ ಕೊಟ್ಟು ನುಣ್ಣಗೆ ಮಾಡುತ್ತಾರೆ. ಇದಕ್ಕೆ ಟ್ರಿಮ್ಮಿಂಗ್ ಎನ್ನುತ್ತಾರೆ. ಬೆರಳಗಲ ಹೋಗಿತ್ತು. ಎಡಪುಟಗಳಲ್ಲಿ ಪೆನ್ಸಿಲ್ ಸಾಲಿನ ಮೊದಲ ಪದಗಳೇ ಮಾಯ. ನಲವತ್ತೊಂದು ಕಡೆ ಬರೀ “ಕಥೆ ಹೇಳು” ಎಂದು ಉಳಿದಿತ್ತು. ಯಾವ ಕಥೆ ಎಂಬುದು ಅಂಚಿನ ಜೊತೆ ಹೋಗಿತ್ತು.

ಮೇಷ್ಟ್ರು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಊರಿಗೆ ಹೋದರು. ನಾನು ಅರ್ಧ ದಿನ ರಜೆ ಬರೆದು ಮಂಡ್ಯಕ್ಕೆ ಓಡಿದೆ.

“ಅಂಚು ಕಟ್ ಮಾಡ್ದೆ ಕೊಟ್ರೆ ನೀವೇ ಬೈತಿದ್ರಿ ಮೇಡಮ್ಮೋರೆ,” ಅಂದ ನಂಜುಂಡಪ್ಪ. “ಚೀಟೀಲಿ ಏನಾರ ಬರ್ದಿದ್ರಾ?”

ಬರೆದಿರಲಿಲ್ಲ. ಕತ್ತರಿಸಿದ ಚೂರು? ಮಳವಳ್ಳಿಯ ಬಳೆ ಅಂಗಡಿಯವರು ಗಾಜಿನ ಬಳೆಗಳ ನಡುವೆ ತುಂಬಲು ಮೂಟೆ ಒಯ್ದಿದ್ದರಂತೆ. ಮಧ್ಯಾಹ್ನದ ಬಸ್ಸಿನಲ್ಲಿ ಮಳವಳ್ಳಿಗೆ ನಿಂತೇ ಹೋದೆ.

ಅಂಗಡಿಯಾಕೆ ಮೂಟೆ ತೋರಿಸಿದಳು. “ಉಡುಕ್ಕೊ ಅಕ್ಕ, ಬಳೆ ಒಡೀಬ್ಯಾಡ ಅಷ್ಟೆ. ಚಿನ್ನ ಗಿನ್ನ ಕಳಕಂಡಾ?”

“ಪೆನ್ಸಿಲ್ಲಲ್ಲಿ ಬರೆದ ಕಾಗದ ಕಣಮ್ಮ.”

“ಅಯ್, ಬುಡು ಅತ್ಲಾಗೆ!”

ಎರಡು ಗಂಟೆ ಕೂತೆ. ಮದುವೆ ಕಾಗದದ ಚೂರು, ಲೆಡ್ಜರಿನ ಚೂರು, ಬಿಳಿ ಚೂರು. ಅರ್ಧ ಮೂಟೆ ಆಗಲೇ ಬಳೆಗಳ ಜೊತೆ ಯಾರ್ಯಾರ ಮನೆಗೋ ಹೋಗಿತ್ತು. ಪೆನ್ಸಿಲ್ ಗುರುತಿದ್ದವು ಹದಿನಾಲ್ಕು ಸಿಕ್ಕವು.

ಸಂಜೆ ವೈದ್ಯನಾಥಪುರದ ಜಗಲಿಯ ಮೇಲೆ ಚೂರುಗಳನ್ನು ಹರಡಿದೆವು. “ತೂಬಿನ ಜಗಳದ” ಎಂಬುದು ನಾಟಕದ ಒಬ್ಬ ರಾಜನ ಸಿಟ್ಟಿನ ಮಾತಿನ ಪಕ್ಕ ಕೂತಿತು. ಇನ್ನೆರಡು ಕೂಡಿದವು. ಮಿಕ್ಕವು ಎಲ್ಲಿಗೂ ಸೇರಲಿಲ್ಲ.

“ಉಳಿದದ್ದು ನೆನಪು ಮಾಡಿಕೊಳ್ಳೋಕೆ ಆಗಲ್ವಾ ಸಾರ್? ನಾನು ಬರೆದುಕೊಳ್ತೀನಿ.”

“ನೆನ್ಪಲ್ಲಿದ್ದಿದ್ರೆ ಬರೀತಿದ್ನೇನವ್ವ? ಬರ್ದಿವ್ನಿ ಅಂತ್ಲೇ ಮರ್ತಿದ್ದು.” ಪುಸ್ತಕ ಮುಚ್ಚಿ ನನ್ನ ಕಡೆ ತಳ್ಳಿದರು. “ತಗಂಡೋಗಿ ಕಪಾಟ್ನಲ್ಲಿ ಮಡ್ಗು. ನೋಡಕ್ ಲಕ್ಷಣ್ವಾಗದೆ.”

ಬೈದಿದ್ದರೆ ವಾಸಿಯಿತ್ತು.

ಜುಲೈನಲ್ಲಿ ವಿಶೇಷ ತರಗತಿ ನಡೆಯಲಿಲ್ಲ. ಈಗ ಬೈಂಡಿಂಗಿಗೆ ಹೋಗುವ ಪ್ರತಿ ಪುಸ್ತಕವನ್ನೂ ಮೊದಲಿಂದ ಕೊನೆಯವರೆಗೆ ನಾನೇ ಮಗುಚುತ್ತೇನೆ. ಕೈಬರಹ ಕಂಡರೆ “ಅಂಚು ಕತ್ತರಿಸಬಾರದು” ಎಂಬ ಚೀಟಿ ಅಂಟಿಸುತ್ತೇನೆ, ಬರೆದವರು ಬದುಕಿದ್ದರೆ ಅವರನ್ನೇ ಕೇಳುತ್ತೇನೆ. ಪುಸ್ತಕವನ್ನು ಚೆನ್ನಾಗಿಡುವುದೇ ನನ್ನ ಕೆಲಸವೆಂದು ಹತ್ತೊಂಬತ್ತು ವರ್ಷ ನಂಬಿದ್ದೆ. ಅದರಲ್ಲಿ ಏನಿದೆಯೆಂದು ನೋಡುವುದೂ ಅದೇ ಕೆಲಸ.

ವೈದ್ಯನಾಥಪುರದಿಂದ ಬಂದ ಆ ರಾತ್ರಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ಒಂದೇ ಮುದ್ದೆ ಉಂಡು ನಡೆದದ್ದನ್ನು ಹೇಳಿದೆ. “ಒಂದ್ ಪುಸ್ತಕಕ್ಕೆ ಇಷ್ಟೊಂದಾ?” ಎಂದ ಯಜಮಾನರು ಉತ್ತರ ಕೇಳುವ ಮೊದಲೇ ಮಲಗಿದ್ದರು.