ಹಿಂದಿನ ಸೀಟಿನ ಕಾಗದ

ಮಾರುವ ಮಾಲಾಗಿದ್ದರೆ ಬರ್ನೀಸ್ ವೊಯ್ಟಾಸ್‌ಳ ವಿವರ ನಾನು ಹೀಗೆ ಬರೆಯುತ್ತಿದ್ದೆ: ನಲವತ್ತೆಂಟನೇ ಇಸವಿಯದು. ಮೈ ಗಟ್ಟಿ, ಎಲ್ಲೂ ತೇಪೆಯಿಲ್ಲ. ಬಣ್ಣ ಹುಟ್ಟಿನದೇ, ತಲೆಯ ಮೇಲಷ್ಟೇ ಮಾಸಿದೆ. ಎಡ ಮಂಡಿ ಕಿರುಗುಟ್ಟುತ್ತದೆ. ಎರಡೂ ದೀಪ ಮಂಕಾಗುತ್ತಿವೆ, ರಿಪೇರಿಯಾಗದು ಎಂದು ಡಾಕ್ಟರು ಕೈ ಚೆಲ್ಲಿದ್ದಾರೆ. ಸದ್ದು ಜಾಸ್ತಿ. ಚೌಕಾಸಿಗೆ ಬಗ್ಗುವುದಿಲ್ಲ.

ಫ್ಲಿಂಟ್‌ನಲ್ಲಿ ನನ್ನದು ಹಳೆಯ ಮಸಲ್ ಕಾರುಗಳ ವ್ಯಾಪಾರ. ಸಾಧಾರಣ ಮೈಗೆ ದೈತ್ಯ ಇಂಜಿನ್ ಕೂರಿಸಿ ಒಂದು ಕಾಲದ ಹುಡುಗರ ನಿದ್ದೆಗೆಡಿಸಿದ ಕಾರುಗಳು ಅವು. ಆ ಹುಡುಗರಿಗೀಗ ಎಪ್ಪತ್ತು. ಕೈಯಲ್ಲಿ ದುಡ್ಡಿದೆ, ಬೆನ್ನಲ್ಲಿ ನೋವಿದೆ. ಕೊಳ್ಳಲು ಬರುವಾಗ ಜಾಣರಾದವರು ಬರ್ನೀಸ್‌ಳನ್ನು ಜೊತೆಗೆ ಕರೆತರುತ್ತಿದ್ದರು. ನನಗದು ಹಿಡಿಸುತ್ತಿರಲಿಲ್ಲ.

ಊರಿನ ಕಾರು ಕಾರ್ಖಾನೆಯ ಸೀಟು ವಿಭಾಗದಲ್ಲಿ ಅವಳು ಇಪ್ಪತ್ತೆಂಟು ವರ್ಷ ದುಡಿದಿದ್ದಳು. ಬಂದವಳೇ ಕಾಲುಚೀಲದಲ್ಲಿ ಸುತ್ತಿದ ಅಯಸ್ಕಾಂತ ತೆಗೆದು ಬಾಗಿಲುಗಳ ಕೆಳಗಂಚಿಗೆ ಹಿಡಿಯುವಳು. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಮೊದಲು ತಿನ್ನುವುದು ಅಲ್ಲೇ. ಅಯಸ್ಕಾಂತ ಜಾರಿತೋ, ಬಣ್ಣದಡಿಯಲ್ಲಿ ತಗಡಿಲ್ಲ, ತೂತು ಮುಚ್ಚಲು ಮೆತ್ತಿದ ಬರೀ ಲಪ್ಪ. ಆಮೇಲೆ ಇಂಜಿನ್ನಿನ ನಂಬರಿಗೂ ಮೈಯ ನಂಬರಿಗೂ ತಾಳೆ ನೋಡುವಳು. ಕಡೆಗೆ ಹಿಂದಿನ ಸೀಟು ಎತ್ತಿಸುವಳು.

"ಸದ್ದು ಕೇಳಿ ಮರುಳಾಗ್ಬೇಡಪ್ಪಾ," ಎಂದು ಗಿರಾಕಿಗೆ ಹೇಳುವಳು. "ಸದ್ದು ಯಾರ್ ಬೇಕಾದ್ರೂ ಮಾಡ್ತಾರೆ. ನಮ್ಮ ಲೋವೆಲ್‌ನೇ ನೋಡು."

ಲೋವೆಲ್ ಅಂದರೆ ನಾನು.

ಇಷ್ಟಕ್ಕೆಲ್ಲ ಅವಳ ಕೂಲಿ ಒಂದು ಲೋಟ ಕಾಫಿ, ಒಂದು ತುಂಡು ಚೆರ್ರಿ ಪೈ. ಸುಮ್ಮನೆ ಯಾರೂ ಇಷ್ಟು ಮೈಬಗ್ಗಿಸುವುದಿಲ್ಲ, ಇದರಲ್ಲೇನೋ ಇದೆ ಎಂದು ನನಗೆ ಅನುಮಾನವಿತ್ತು. ಇತ್ತು ಕೂಡ. ಅದು ನನಗೆ ತಿಳಿದದ್ದು ಆಮೇಲೆ.

ಕಾರ್ಖಾನೆಯಲ್ಲಿ ಪ್ರತಿ ಕಾರಿಗೂ ಒಂದು ಕಾಗದ ಇರುತ್ತಿತ್ತು. ಕಾರಿನ ನಂಬರು, ಯಾವ ಬಣ್ಣ, ಯಾವ ಇಂಜಿನ್, ಎಷ್ಟು ಗೇರು, ಎಲ್ಲ ಅದರಲ್ಲಿ. ಸೀಟು ಕೂರಿಸಿದ ಮೇಲೆ ಅದು ಯಾರಿಗೂ ಬೇಡ. ಕಸದ ಡಬ್ಬಿಯವರೆಗೆ ನಡೆಯುವ ಬದಲು ಸೀಟಿನ ಸ್ಪ್ರಿಂಗಿಗೆ ತುರುಕುವುದು ಅಲ್ಲಿಯವರ ರೂಢಿ. ಇವತ್ತು ಅದೇ ಕಾಗದ ಕಾರಿನ ಜಾತಕ. ಬಡ ಇಂಜಿನ್ನಿನ ಕಾರಿಗೆ ದೊಡ್ಡ ಇಂಜಿನ್ ತೊಡಿಸಿ ಮಾರುವವರು ಬೇಕಾದಷ್ಟು ಜನ. ಇದು ಹುಟ್ಟಿನಿಂದಲೇ ಹೀಗೆ ಎಂದು ಸಾಕ್ಷಿ ಹೇಳುವುದು ಆ ಕಾಗದ ಒಂದೇ. ಅದಿದ್ದರೆ ಗಿರಾಕಿ ಮರುಮಾತಾಡದೆ ಕೊಳ್ಳುತ್ತಾನೆ.

ಬರ್ನೀಸ್‌ಳ ಕಾರು ಎಪ್ಪತ್ತರ ಇಸವಿಯದು. ಕಿತ್ತಳೆ ಬಣ್ಣ, ದೊಡ್ಡ ಇಂಜಿನ್, ನಾಲ್ಕು ಗೇರು. ಇಪ್ಪತ್ತೆರಡರ ಹರೆಯದಲ್ಲಿ ಕಾರ್ಮಿಕರ ರಿಯಾಯಿತಿಯಲ್ಲಿ ಕೊಂಡದ್ದು. ಅದರಲ್ಲೇ ಮದುವೆಗೆ ಹೋದಳು, ಅದರಲ್ಲೇ ಗಂಡನ ಶವದ ಹಿಂದೆ ಹೋದಳು. ಆದರೆ ಈ ಕಾಗದಗಳಿಗೆ ಬೆಲೆ ಬಂದ ಕಾಲಕ್ಕೆ ತನ್ನ ಸೀಟು ಎತ್ತಿ ನೋಡಿದರೆ ಸಿಕ್ಕಿದ್ದು ಬೇರೆ ಕಾರಿನ ಕಾಗದ: ಹಸಿರು ಬಣ್ಣ, ತಾನಾಗಿ ಬದಲಾಗುವ ಗೇರು. ಹಾಗಾದರೆ ತನ್ನದು ಆ ಹಸಿರು ಕಾರಿನಲ್ಲಿರಬೇಕು. ಯಾರಿಗೂ ಹೇಳಲಿಲ್ಲ. ಹೇಳಿದರೆ ತನ್ನ ಕಾರಿಗೇ ಕೆಟ್ಟ ಹೆಸರು. ಮೂವತ್ತು ವರ್ಷ ಊರವರ ಸೀಟುಗಳನ್ನೆಲ್ಲ ಎತ್ತಿಸಿದ್ದು ಇದಕ್ಕೆ.

ಹೋದ ವಸಂತದಲ್ಲಿ ಡಾಕ್ಟರು ಹೇಳಿಬಿಟ್ಟರು, ಅಕ್ಟೋಬರಿಗೆ ಲೈಸೆನ್ಸ್ ಮುಗಿದರೆ ಮತ್ತೆ ಸಿಗುವುದಿಲ್ಲ. ಶೆಡ್ಡಿನಲ್ಲಿಟ್ಟು ಕೊಳೆಸುವುದಕ್ಕಿಂತ ಓಡಿಸುವವರಿಗೆ ಕೊಡೋಣವೆಂದು ಮಾರಲು ನಿಂತಳು. ಇಬ್ಬರು ಬಂದರು. ಎರಡನೆಯವನು ಹಸಿರು ಕಾರಿನ ಕಾಗದ ಓದಿ, ಮಡಿಚಿ, ನಕ್ಕು ವಾಪಸು ಕೊಟ್ಟ. ಆ ನಗೆ ಅವಳಿಗೆ ಎದೆಯಲ್ಲಿ ಮುಳ್ಳಾಗಿ ಕೂತಿತು. ತನ್ನ ಕಾಗದ ಸಿಗದೆ ಈ ಕಾರು ಹೋದರೆ ಸುಳ್ಳಿನ ಕಾರೆಂದೇ ಹೋಗುತ್ತದೆ.

ಜೂನ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಟೊಲೀಡೊದ ಹ್ಯಾನಿಗನ್ ಎಂಬಾತ ಅವಳನ್ನು ಕರೆದುಕೊಂಡು ನನ್ನಲ್ಲಿಗೆ ಬಂದ. ನಾನು ಹೊಸದಾಗಿ ತಯಾರು ಮಾಡಿದ ಕೆಂಪು ಕಾರಿನ ಮೇಲೆ ಅವನ ಕಣ್ಣು. ಬರ್ನೀಸ್ ಅಯಸ್ಕಾಂತ ಹಿಡಿದಳು. ಅಂಟಿತು. ಮುಂಗಾಜಿನ ಕೆಳಗಿನ ಮೈಯ ನಂಬರನ್ನು ಮೂಗು ತಾಗುವಷ್ಟು ಬಗ್ಗಿ ಓದಿದಳು. ಬಗ್ಗಿದವಳು ಮೇಲೇಳಲಿಲ್ಲ. ಬೆರಳಿಟ್ಟು ಇನ್ನೊಮ್ಮೆ ಓದಿದಳು.

"ಲೋವೆಲ್, ಇದಕ್ಕೆ ಮೊದಲು ಯಾವ ಬಣ್ಣ ಇತ್ತು?"

"ಹಸಿರು. ಈಗ ಹಸಿರು ಯಾರಿಗೆ ಬೇಕು ಬರ್ನೀಸ್? ಜನ ಕೆಂಪು ಕೇಳ್ತಾರೆ."

"ಸೀಟು ಎತ್ತು."

ಎತ್ತಿದೆ. ಹೊಸ ಸೀಟು, ಹೊಳೆಯುವ ಸ್ಪ್ರಿಂಗು.

"ಹಳೇದು ಎಲ್ಲಿ?"

"ಇಲಿ ಗೂಡು ಕಟ್ಟಿತ್ತು. ಎಸೆದೆ."

"ಅದರಲ್ಲಿ ಕಾಗದ?"

"ಇಲಿ ತಿಂದಿತ್ತು," ಎಂದೆ.

ಅವಳು ಕೈಚೀಲದಿಂದ ಪ್ಲಾಸ್ಟಿಕ್ಕಿನಲ್ಲಿಟ್ಟ ಕಾಗದ ತೆಗೆದು ಹ್ಯಾನಿಗನ್ ಕೈಗೆ ಕೊಟ್ಟಳು. "ಇದು ಈ ಕಾರಿಂದು. ನಂಬರ್ ತಾಳೆ ನೋಡ್ಕೊ. ಕಾರು ಚೆನ್ನಾಗಿದೆ, ತಗೋ. ಬಣ್ಣ ಒಂದೇ ಇವನ ತಲೆಹರಟೆ." ಹ್ಯಾನಿಗನ್ ಎರಡು ಸಲ ತಾಳೆ ನೋಡಿ, ಕುಣಿಯುವುದೊಂದು ಬಾಕಿ, ನಾನು ಹೇಳಿದ ಬೆಲೆಗೇ ಒಪ್ಪಿದ. ಮೊದಲು ಅದನ್ನು ಮತ್ತೆ ಹಸಿರು ಮಾಡಿಸುತ್ತೇನೆಂದ.

ಅವನು ಹೋದ ಮೇಲೆ ಪೈ ನಾನೇ ಕೊಡಿಸಿದೆ. ಮೂವತ್ತು ವರ್ಷ ಕಾಪಾಡಿದ ಕಾಗದವನ್ನು ಅವಳು ಬಿಡಿಗಾಸೂ ಕೇಳದೆ ಕೊಟ್ಟಿದ್ದಳು. ವ್ಯಾಪಾರ ಕುದುರಿದ್ದು ನನಗೆ. ಫೋರ್ಕು ಮುಟ್ಟದೆ ಕೂತಿದ್ದಳು. ಹಸಿರು ಕಾರಿನ ಕಥೆ ಆಗ ಹೇಳಿದಳು.

"ಕಾಗದ ಅದಲುಬದಲು ಮಾಡಿದ್ದು ಯಾರು ಅಂತೀಯಾ? ನಾನೇ. ಆ ವಾರ ತುರುಕೋ ಕೆಲಸ ನಂದು. ನನ್ನ ಕಿತ್ತಳೆ ಕಾರು ಬರ್ತಾ ಇದೆ ಅಂತ ಲೈನಿನವರೆಲ್ಲ ಸಿಳ್ಳೆ ಹೊಡೆದ್ರು. ಕೈಯಲ್ಲಿ ಎರಡು ಕಾಗದ. ನನಗೆ ಕಾರು ಬಿಟ್ಟು ಬೇರೇನೂ ಕಾಣಲಿಲ್ಲ. ಈಗ ಹೇಳು. ನಿಜವಾಗ್ಲೂ ಇಲಿ ತಿಂತಾ?"

ಸುಳ್ಳು ಹೇಳುವುದು ನನಗೆ ಕಷ್ಟದ ಕೆಲಸವಲ್ಲ. ಅವತ್ತು ಬರಲಿಲ್ಲ.

"ಇಲ್ಲ. ಚೆನ್ನಾಗೇ ಇತ್ತು. ನಂಬರ್ ಬೇರೆ ಕಾರಿಂದು. ತಪ್ಪು ಕಾಗದ ಕಂಡ್ರೆ ಗಿರಾಕಿ ಅನುಮಾನ ಪಡ್ತಾನೆ ಅಂತ ಒಲೆಗೆ ಹಾಕಿದೆ. ಎರಡು ವರ್ಷ ಆಯ್ತು."

"ಓದಿದ್ಯಾ?"

"ಓದಿದೆ."

"ಕಿತ್ತಳೆ ಅಂತಿತ್ತಾ?"

"ಹೂಂ. ದೊಡ್ಡ ಇಂಜಿನ್. ನಾಲ್ಕು ಗೇರು."

ಬರ್ನೀಸ್ ಫೋರ್ಕು ಎತ್ತಿಕೊಂಡಳು. "ಸರಿ. ನನ್ನ ಬಿಟ್ಟು ಇನ್ನೊಬ್ಬನಾದ್ರೂ ಓದಿದಾನಲ್ಲ. ಗಿರಾಕಿ ಬಂದಾಗ ಬಂದು ಹೇಳ್ತೀಯಾ?"

ಸೆಪ್ಟೆಂಬರಿನಲ್ಲಿ ಟ್ವೈಲಾ ಎಂಬಾಕೆ ಬಂದಳು. ಶಾಲೆಯ ಬಸ್ಸುಗಳ ಮೆಕ್ಯಾನಿಕ್. ಕಿತ್ತಳೆ ಕಾರಿನ ಕೆಳಗೆ ಮಲಗಿ, ಎದ್ದು, ಕೈ ಒರೆಸಿಕೊಳ್ಳುತ್ತ ಎಲ್ಲರೂ ಕೇಳುವುದನ್ನೇ ಕೇಳಿದಳು: "ಕಾಗದ?" ನಾನು ಕಾರಿನ ಪಕ್ಕ ನಿಂತು ಏನು ಓದಿದೆ, ಏಕೆ ಸುಟ್ಟೆ, ಎಲ್ಲ ಹೇಳಿದೆ. ನಾಳೆ ಊರೆಲ್ಲ ಹರಡುವ ಮಾತು ಅದೆಂದು ಗೊತ್ತಿತ್ತು. ಹರಡಿತು ಕೂಡ.

"ನಿಮ್ಮ ಅಂಗಡಿ ಮುಖಕ್ಕೆ ನೀವೇ ಮಸಿ ಬಳ್ಕೊಳ್ತಿದೀರಲ್ಲ," ಎಂದಳು ಟ್ವೈಲಾ. "ಇದ್ರಲ್ಲಿ ನಿಮಗೇನು ಗಿಟ್ಟುತ್ತೆ?"

"ಏನೂ ಇಲ್ಲ."

"ಮೂವತ್ತು ವರ್ಷದಲ್ಲಿ ಇದೇ ಮೊದಲು," ಎಂದಳು ಬರ್ನೀಸ್.

ಟ್ವೈಲಾ ನಗಲಿಲ್ಲ. ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿ, "ನಂಬಿದೆ" ಎಂದು ಕೀಲಿಕೈಗೆ ಕೈ ಚಾಚಿದಳು. ಕಾಗದವಿದ್ದಿದ್ದರೆ ಬರುತ್ತಿದ್ದ ಬೆಲೆ ಬರಲಿಲ್ಲ. ಬರ್ನೀಸ್ ಕೀಲಿಕೈ ಕೊಟ್ಟಳು, ಕಾರು ತಿರುವು ದಾಟುವವರೆಗೂ ಸದ್ದನ್ನು ಕೇಳುತ್ತ ನಿಂತಳು.

ಬರ್ನೀಸ್ ವೊಯ್ಟಾಸ್‌ಗೆ ನಾನು ಒಂದು ಕಾಗದ ಕೊಡಬೇಕು. ಅದು ನನ್ನ ಹತ್ತಿರ ಇಲ್ಲ.