ನಾನು ಹೇಳದ ಏಳು

ದೆವ್ವ ಕಂಡಿತು, ಯಾರೋ ಕರೆದ ಹಾಗಾಯಿತು ಎಂದು ಯಾರಾದರೂ ಹೇಳತೊಡಗಿದರೆ, ಇದನ್ನು ಹೇಳಿ ಇವನಿಗೆ ಏನು ಸಿಗಬೇಕಾಗಿದೆ ಎಂದು ಮೊದಲು ನೋಡುವವನು ನಾನು. ಹೆಚ್ಚಿನ ಸಲ ಏನೋ ಒಂದು ಇದ್ದೇ ಇರುತ್ತದೆ. ಒಬ್ಬನಿಗೆ ಪಕ್ಕದ ಜಾಗ ಕಡಿಮೆಗೆ ಬೇಕಿರುತ್ತದೆ, ಇನ್ನೊಬ್ಬನಿಗೆ ಕೆಲಸಕ್ಕೆ ಬಾರದ್ದಕ್ಕೆ ನೆಪ ಬೇಕಿರುತ್ತದೆ. ಹಾಗಾಗಿ ಈಗ ನಾನು ಬರೆಯುವುದನ್ನು ಓದಿ ನೀವೂ ನನ್ನ ಬಗ್ಗೆ ಹಾಗೆಯೇ ಯೋಚಿಸಿದರೆ ನನಗೆ ಬೇಸರವಿಲ್ಲ. ಯೋಚಿಸಬೇಕು. ಯಾರ ಮಾತನ್ನೂ ತೂಗದೆ ತೆಗೆದುಕೊಳ್ಳಬೇಡಿ.

ಇಂಥ ಕಥೆಗಳು ರಾತ್ರಿಯೇ ನಡೆಯುತ್ತವೆ ಎಂದು ಕೇಳಿದ್ದೇನೆ. ನನ್ನದು ನಡೆದದ್ದು ನಡುಮಧ್ಯಾಹ್ನ, ಮುಂಡಾಜೆಯ ಹತ್ತಿರ, ಡಾಮರು ರಸ್ತೆಯ ಬದಿಯಲ್ಲಿ.

ನನ್ನ ಊರು ಬಂಟ್ವಾಳ. ಎಂಟನೇ ಕ್ಲಾಸು ಮುಗಿಸಿ ತೆಂಗಿನಕಾಯಿ ವ್ಯಾಪಾರಕ್ಕೆ ಇಳಿದವನು. ಕೆಲಸ ಕಲಿಸಿದವರು ಚಾರ್ಮಾಡಿ ಘಾಟಿಯ ಮೇಲಿನಿಂದ ಬರುತ್ತಿದ್ದ ಒಬ್ಬ ಸಾಹುಕಾರರು. ಅವರಿಗೆ ತುಳು ಬಾರದು, ಎಣಿಕೆಯೆಲ್ಲ ಕನ್ನಡದಲ್ಲೇ. ಅವರ ಎಣಿಕೆಗೆ ಎರಡು ಕಟ್ಟಳೆ ಇತ್ತು. ಮೊದಲನೆಯದಕ್ಕೆ ಒಂದು ಎನ್ನಬಾರದು, ಲಾಭ ಎನ್ನಬೇಕು. ಇದು ನಮ್ಮಲ್ಲೂ ಉಂಟು. ಎರಡನೆಯದು ಅವರದೇ. ಆರು ಆದ ಮೇಲೆ ಏಳು ಎನ್ನಬಾರದು, ಮತ್ತೊಂದು ಎನ್ನಬೇಕು. "ಏಳು ಅಂದ್ರೆ ಸರಕು ಎದ್ದು ಹೋಗುತ್ತೆ ಕಣೋ" ಎನ್ನುತ್ತಿದ್ದರು. ಒಮ್ಮೆ ಬಾಯಿತಪ್ಪಿ ಏಳು ಎಂದದ್ದಕ್ಕೆ ಎಣಿಸಿಟ್ಟ ರಾಶಿಯನ್ನೆಲ್ಲ ನನ್ನಿಂದ ಮೊದಲಿನಿಂದ ಎಣಿಸುವಂತೆ ಮಾಡಿದ್ದರು. ಹದಿನೇಳು, ಇಪ್ಪತ್ತೇಳು ಹೇಳಬಹುದಿತ್ತು. ಅದರೊಳಗೂ ಏಳು ಅಡಗಿ ಕೂತದ್ದು ಅವರಿಗೆ ಹೊಳೆದಿರಲಿಲ್ಲವೋ ಏನೋ. ಹದಿನಾರು ವರ್ಷ ಹೀಗೆ ಎಣಿಸಿದ ಬಾಯಿ ನನ್ನದು: ಲಾಭ, ಎರಡು, ಮೂರು, ನಾಲ್ಕು, ಐದು, ಆರು, ಮತ್ತೊಂದು, ಎಂಟು.

ವ್ಯಾಪಾರ ಬಿದ್ದಾಗ ಬೆಳ್ತಂಗಡಿಯಲ್ಲಿ ಒಬ್ಬರ ಆಂಬುಲೆನ್ಸಿಗೆ ಸೇರಿದೆ. ಡ್ರೈವರು ಹಮೀದ್, ಹಿಂದೆ ರೋಗಿಯ ಹತ್ತಿರ ನಾನು. ಕಲಿಸಿದವರು ಯಾರೂ ಇಲ್ಲ, ನೋಡಿ ನೋಡಿ ಕಲಿತದ್ದು. ಆಮ್ಲಜನಕದ ಸಿಲಿಂಡರು ತೆರೆಯುವುದು, ರಕ್ತ ಹೋಗುವಲ್ಲಿ ಒತ್ತಿ ಹಿಡಿಯುವುದು, ಮನೆಯವರನ್ನು ಸಮಾಧಾನ ಮಾಡುವುದು. ಆರೇಳು ವರ್ಷ ಅದರಲ್ಲೇ ಹೋಯಿತು. ಮೊಬೈಲು ಎಲ್ಲರ ಕಿಸೆಗೆ ಬರುತ್ತಿದ್ದ ಕಾಲದಲ್ಲಿ ಒಂದು ಸುದ್ದಿ ಹಬ್ಬಿತು. ನಂಬರು ಒತ್ತಿದರೆ ಪುಕ್ಕಟೆ ಬರುವ ಸರಕಾರಿ ಆಂಬುಲೆನ್ಸು ಬರುತ್ತದಂತೆ, ಅದಕ್ಕೆ ತರಬೇತಿಯ ಸರ್ಟಿಫಿಕೇಟು ಇದ್ದವರನ್ನು ಮಾತ್ರ ತೆಗೆದುಕೊಳ್ಳುತ್ತಾರಂತೆ. ನಮ್ಮ ಮಾಲಕರೂ ಹೇಳಿಬಿಟ್ಟರು, "ನಾಳೆ ನನಗೂ ಕಾಗದ ಕೇಳ್ತಾರೆ. ಕಾಗದ ಇದ್ದವ ಇರ್ಲಿ, ಇಲ್ಲದವ ಬೇರೆ ದಾರಿ ನೋಡ್ಲಿ." ಆಗ ನನ್ನ ಪ್ರಾಯ ಮೂವತ್ತೆಂಟು. ಬೇರೆ ದಾರಿ ನೋಡುವ ಪ್ರಾಯವಲ್ಲ. ಆ ಕಾಗದ ಸಿಕ್ಕದಿದ್ದರೆ ಪುನಃ ಯಾರದೋ ಅಂಗಳದಲ್ಲಿ ಕಾಯಿ ಎಣಿಸಬೇಕಿತ್ತು.

ಮೂಡುಬಿದಿರೆಯಲ್ಲಿ ಒಂದು ಬಟ್ಟೆಯಂಗಡಿಯ ಮಾಳಿಗೆಯಲ್ಲಿ ತರಬೇತಿ ಕೊಡುತ್ತಾರೆಂದು ತಿಳಿಯಿತು. ನಾನು ಸುಮ್ಮನೆ ಸೇರಲಿಲ್ಲ. ಮೊದಲು ಸರ್ಟಿಫಿಕೇಟಿನ ಮಾದರಿ ಕೇಳಿದೆ, ಮೊಹರು ಯಾರದು ನೋಡಿದೆ, ಹಿಂದೆ ಕಲಿತ ಮೂವರ ನಂಬರು ಪಡೆದು ಫೋನು ಮಾಡಿದೆ. ಇದನ್ನು ಈಗ ಯಾವ ತರಬೇತಿಗೆ ಸೇರುವವರಿಗೂ ಹೇಳುತ್ತೇನೆ. ಗೋಡೆಯ ಫೋಟೋ ನೋಡಿ ಸೇರಬೇಡಿ, ಅಲ್ಲಿ ಕಲಿತವನಿಗೆ ಕೆಲಸ ಸಿಕ್ಕಿದೆಯೋ ಕೇಳಿ ಸೇರಿ. ಅಷ್ಟೆಲ್ಲ ವಿಚಾರಿಸಿದ ಮೇಲೂ ನನ್ನ ಸಂಶಯ ಪೂರ್ತಿ ಹೋಗಿರಲಿಲ್ಲ.

ಕಲಿಸುವವರು ಸೈನ್ಯದ ಆಸ್ಪತ್ರೆಯಲ್ಲಿದ್ದು ನಿವೃತ್ತರಾದವರು. ಎಲ್ಲರೂ ಸುಬೇದಾರ್ ಮಾಸ್ಟ್ರು ಎನ್ನುತ್ತಿದ್ದರು. ಕೊನೆಯ ಪರೀಕ್ಷೆಗೆ ನೆಲದ ಮೇಲೆ ರಬ್ಬರಿನ ಬೊಂಬೆ ಮಲಗಿಸಿ, ಎದೆಯ ನಡುವೆ ಎರಡು ಕೈಯಿಟ್ಟು ಗಟ್ಟಿಯಾಗಿ ಎಣಿಸುತ್ತಾ ಮೂವತ್ತು ಸಲ ಒತ್ತಬೇಕು, ಆಮೇಲೆ ಎರಡು ಸಲ ಉಸಿರು ಕೊಡಬೇಕು. ನಾನು ಶುರು ಮಾಡಿದೆ. ಲಾಭ, ಎರಡು, ಮೂರು. ಹಿಂದಿನಿಂದ ಯಾರೋ ನಕ್ಕರು. ಆರು, ಮತ್ತೊಂದು. ಮಾಸ್ಟ್ರು ಕೈ ಎತ್ತಿ ನಿಲ್ಲಿಸಿದರು.

"ಇದು ತೆಂಗಿನಕಾಯಿ ಅಲ್ಲ ಮಾರಾಯ್ರೆ. ಉಸಿರು ಕೊಡುವವ ನಿಮ್ಮ ಎಣಿಕೆಗೆ ಕಿವಿಕೊಟ್ಟು ಕೂತಿರ್ತಾನೆ. ನೀವು ಮತ್ತೊಂದು ಅಂದ್ರೆ ಅವ ಎಂತ ತಿಳಿಯಬೇಕು?"

"ಒತ್ತಿದ್ದು ಸರಿ ಉಂಟಲ್ಲ ಸರ್?"

"ಒತ್ತಿದ್ದು ಸರಿ. ಬಾಯಿ ಸರಿ ಇಲ್ಲ. ಶನಿವಾರ ಬನ್ನಿ."

ಆಗಲೇ ಇನ್ನೂ ಮೂರು ಸಲ ಅವಕಾಶ ಕೇಳಿ ಪಡೆದೆ. ಒಂದು ಎನ್ನುವುದು ಬಂತು. ಏಳು ಮಾತ್ರ ಬರಲಿಲ್ಲ. ಶನಿವಾರವೂ ತಪ್ಪಿದರೆ ಮುಂದಿನ ತಂಡದವರೊಂದಿಗೆ ಮೊದಲಿನಿಂದ ಕೂರಬೇಕಂತೆ. ಅಷ್ಟರಲ್ಲಿ ಸರಕಾರಿ ಗಾಡಿಯ ಆಯ್ಕೆ ಮುಗಿದಿರುತ್ತದೆ. ಇದೆಲ್ಲ ನನ್ನನ್ನು ಪುನಃ ಸೇರಿಸಿಕೊಳ್ಳುವ ಉಪಾಯ ಎಂದೇ ನನಗೆ ಅನಿಸಿತು. ಬಸ್ಸಿನಲ್ಲಿ ವೇಣೂರು ದಾಟುವವರೆಗೂ ಮಾಸ್ಟ್ರನ್ನು ಮನಸ್ಸಿನಲ್ಲೇ ಬೈದೆ.

ಹಮೀದನಿಗೆ ಇದು ದೊಡ್ಡ ತಮಾಷೆ. ಗಾಡಿ ಗೇರಿಗೆ ಹಾಕುವಾಗಲೂ "ಲಾಭ, ಎರಡು, ಮೂರು" ಎನ್ನುತ್ತಿದ್ದ.

ಆ ಮಂಗಳವಾರ ಹನ್ನೊಂದೂವರೆಗೆ ನೆರಿಯದಿಂದ ಕರೆ ಬಂತು. ದೇಜಪ್ಪ ಎಂಬವರಿಗೆ ಎದೆನೋವು. ಅರುವತ್ತರ ಮೇಲಿನ ಪ್ರಾಯ, ಅಲ್ಲಿ ಚಾದ ಹೋಟೆಲು ನಡೆಸುವವರು. ಹೋದಾಗ ಮಾತಾಡುತ್ತಿದ್ದರು, ಬೆವರುತ್ತಿದ್ದರು. ಅವರನ್ನೂ ಅವರ ಹೆಂಡತಿ ಕಮಲಕ್ಕನನ್ನೂ ಹತ್ತಿಸಿಕೊಂಡು ಹೊರಟೆವು. ಮುಂಡಾಜೆ ಬರುವಾಗ ದೇಜಪ್ಪಣ್ಣನ ಮಾತು ನಿಂತಿತು. ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು. ಕುತ್ತಿಗೆ ಮುಟ್ಟಿ ನೋಡಿದೆ, ನಾಡಿ ಸಿಗಲಿಲ್ಲ. ಓಡುವ ಗಾಡಿಯಲ್ಲಿ ಒತ್ತಿದರೆ ಪ್ರಯೋಜನವಿಲ್ಲ ಎಂದು ಮಾಸ್ಟ್ರು ಹೇಳಿದ್ದರು. ನಿಲ್ಲಿಸು ಎಂದೆ. ಹಮೀದ್ ಬದಿಗೆ ನಿಲ್ಲಿಸಿ, ತಿರುವಿನಲ್ಲಿ ಬರುವ ಗಾಡಿಗಳಿಗೆ ಕೈ ತೋರಿಸಲು ಇಳಿದು ಮುಂದಕ್ಕೆ ಓಡಿದ.

ನಾನು ಒತ್ತತೊಡಗಿದೆ. ಒಂದು, ಎರಡು. ಆರು ಆದ ಮೇಲೆ ಮತ್ತೊಂದು ಎಂದೇ ಬಂತು, ಬಿಡಿ, ಅಲ್ಲಿ ಪರೀಕ್ಷೆ ಮಾಡುವವರು ಯಾರೂ ಇರಲಿಲ್ಲ. ಮೂವತ್ತು ಆಯಿತು, ಉಸಿರು ಕೊಟ್ಟೆ. ಎರಡನೇ ಸುತ್ತು ಆಯಿತು. ಕಮಲಕ್ಕ ಗಂಡನ ಕಾಲು ಹಿಡಿದು ತುಳುವಿನಲ್ಲಿ "ಲಕ್ಕ್‌ಲೆ, ಲಕ್ಕ್‌ಲೆ" ಎನ್ನುತ್ತಿದ್ದರು, ಏಳಿ ಏಳಿ ಎಂದು. ಮೂರನೇ ಸುತ್ತಿಗೆ ಬರುವಾಗ ನನ್ನ ಉಸಿರು ಸೋತಿತ್ತು. ಗಟ್ಟಿ ಎಣಿಸಲು ಆಗದೆ ಬಾಯಿ ಮುಚ್ಚಿ, ಹಲ್ಲು ಕಚ್ಚಿ, ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಐದು. ಆರು.

"ಏಳು."

ಯಾರೋ ಹೇಳಿದರು. ಕಿರುಚಿದ್ದಲ್ಲ, ಪಿಸುಗುಟ್ಟಿದ್ದೂ ಅಲ್ಲ. ಕಚೇರಿಯಲ್ಲಿ ಹೆಸರು ಕರೆಯುವ ಹಾಗೆ, ಸ್ಪಷ್ಟ ಕನ್ನಡದಲ್ಲಿ, ನನ್ನ ಎಡಭುಜದ ಹತ್ತಿರ. ಕೈ ನಿಲ್ಲಿಸಲಿಲ್ಲ, ಎಂಟು ಒತ್ತಿದೆ, ಒಂಬತ್ತು ಒತ್ತಿದೆ. ಹತ್ತಕ್ಕೆ ದೇಜಪ್ಪಣ್ಣನ ಬಲಗೈ ಎದ್ದು ನನ್ನ ಮಣಿಕಟ್ಟು ಹಿಡಿಯಿತು. ಆಮೇಲೆ ಕೆಮ್ಮಿದರು.

ಮೊದಲು ಬಂದದ್ದು ಸಂತೋಷವಲ್ಲ, ಸಂಶಯ. ತಿರುಗಿ ಹಮೀದನನ್ನು ನೋಡಿದೆ. ಅವನು ಮುಂದಿನ ಗಾಜಿನ ಆಚೆ, ಇಪ್ಪತ್ತು ಮಾರು ದೂರದಲ್ಲಿ, ಒಂದು ಲಾರಿಯವನಿಗೆ ಕೈ ತೋರಿಸುತ್ತಾ ನಿಂತಿದ್ದ. ಕಮಲಕ್ಕನ ಬಾಯಲ್ಲಿ ಲಕ್ಕ್‌ಲೆ ಬಿಟ್ಟು ಬೇರೆ ಮಾತಿರಲಿಲ್ಲ. ಇಂಜಿನು ಬಂದ್ ಆಗಿತ್ತು, ಗಾಡಿಯಲ್ಲಿ ರೇಡಿಯೋ ಇರಲಿಲ್ಲ. ಬೆಳ್ತಂಗಡಿಗೆ ಮುಟ್ಟಿಸುವ ಅವಸರದಲ್ಲಿ ಅಷ್ಟಕ್ಕೆ ಬಿಟ್ಟೆ. ಆಸ್ಪತ್ರೆಯ ಡಾಕ್ಟರು ಎಲ್ಲ ಕೇಳಿ, "ನಾಡಿ ಇದ್ದಿರಬಹುದು, ನಿಮಗೆ ಸಿಕ್ಕಿರ್ಲಿಕ್ಕಿಲ್ಲ. ಆದರೂ ಒಳ್ಳೆ ಕೆಲಸ ಮಾಡಿದ್ರಿ" ಎಂದರು. ಧ್ವನಿಯ ಸುದ್ದಿ ನಾನು ಅವರಿಗೆ ಹೇಳಲಿಲ್ಲ. ಕೆಲಸ ಹುಡುಕುವವನು ಕಿವಿಯಲ್ಲಿ ಧ್ವನಿ ಕೇಳುತ್ತದೆ ಎಂದು ಡಾಕ್ಟರರ ಹತ್ತಿರ ಹೇಳಬಾರದು.

ಹಮೀದನ ಹತ್ತಿರ ಕೇಳಿದೆ, "ನೀನು ಎಂತಾದ್ರೂ ಹೇಳಿದ್ಯಾ?"

"ನಾನು ಲಾರಿಯವನಿಗೆ ಹೇಳಿದ್ದು. ಅದನ್ನು ನೀನು ಬರೆದುಕೊಳ್ಳುವುದು ಬೇಡ" ಎಂದ.

ಇನ್ನು ಉಳಿದದ್ದು ಒಂದೇ. ನನಗೇ ತಿಳಿಯದೆ ನಾನೇ ಹೇಳಿರಬೇಕು. ಹಾಗೆಂದು ತೀರ್ಮಾನ ಮಾಡಿಕೊಂಡೆ, ಸಮಾಧಾನವೂ ಆಯಿತು. ಏಳು ಬಂತಲ್ಲ, ಶನಿವಾರವೂ ಬಂದೀತು.

ಶುಕ್ರವಾರ ಎಳನೀರು ಹಿಡಿದುಕೊಂಡು ದೇಜಪ್ಪಣ್ಣನನ್ನು ನೋಡಲು ಆಸ್ಪತ್ರೆಗೆ ಹೋದೆ. ಹಾಸಿಗೆಯಲ್ಲಿ ಒರಗಿ ಕೂತಿದ್ದರು. ತುಳುವಿನಲ್ಲಿ ಕ್ಷೇಮ ಸಮಾಚಾರ ಆದ ಮೇಲೆ ಸ್ವಲ್ಪ ಬಿಗುವಾಗಿ ಹೇಳಿದರು, "ನೀವು ಜೀವ ಉಳಿಸಿದ್ರಿ, ಇಲ್ಲ ಹೇಳುವುದಿಲ್ಲ. ಆದ್ರೆ ಆ ಹೊತ್ತಿಗೆ ನಿಮಗೆ ಕನ್ನಡ ಯಾಕೆ ಬಂತು? ಅದೂ 'ಏಳು' ಅಂತ. ಪ್ರಾಯ ಆದವರಿಗೆ 'ಏಳಿ' ಹೇಳ್ಬೇಕಲ್ವಾ? ನಮ್ಮ ಹೋಟೆಲಿಗೆ ಬರುವ ಭಿಕ್ಷುಕನಿಗೂ ನಾನು ಏಕವಚನ ಹೇಳುವುದಿಲ್ಲ."

ನನಗೆ ನಗು ಬರಬೇಕಿತ್ತು. ಬರಲಿಲ್ಲ.

"ಒಂದು, ಎರಡು ಅಂತ ಎಣಿಕೆ ಕೇಳಿದ್ದಾ ನಿಮಗೆ?"

"ಎಣಿಕೆ ಯಾವುದೂ ಇಲ್ಲ. ಅದೊಂದೇ ಮಾತು."

"ನನ್ನ ಧ್ವನಿಯೇನಾ?"

ಅವರು ಉತ್ತರ ಕೊಡುವ ಮೊದಲು ಹೆಂಡತಿಯ ಮುಖ ನೋಡಿದರು. "ಗಾಡಿಯಲ್ಲಿ ಗಂಡಸು ನೀವೊಬ್ಬರೇ ಇದ್ದದ್ದಂತೆ. ಮತ್ತೆ ಯಾರದು?" ಎಂದರು. ಅದು ಹೌದು ಎಂದಂತಾಗಲಿಲ್ಲ. ಮಾತು ಅಳೆದು ತೂಗಿ ಅಭ್ಯಾಸವಾದವನಿಗೆ ಅಷ್ಟು ಗೊತ್ತಾಗುತ್ತದೆ. ಕಮಲಕ್ಕ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಾ ಕಿಟಕಿಯ ಕಡೆಗೆ ತಿರುಗಿದರು. ಅವರಿಗೂ ಕೇಳಿಸಿತ್ತೋ ಎಂದು ಕೇಳುವ ಧೈರ್ಯ ಬರಲಿಲ್ಲ.

ಮರುದಿನ ಮೂಡುಬಿದಿರೆಯ ಮಾಳಿಗೆಯಲ್ಲಿ ಅದೇ ರಬ್ಬರಿನ ಬೊಂಬೆ. ಆ ದಿನ ಪರೀಕ್ಷೆಗೆ ನಾನೊಬ್ಬನೇ. ಮಾಸ್ಟ್ರು ಪುಸ್ತಕ ಹಿಡಿದು ಎರಡು ಹೆಜ್ಜೆ ಹಿಂದೆ ನಿಂತರು. ವಾರವಿಡೀ ಅಭ್ಯಾಸ ಮಾಡಿದ್ದೆ, ಗಾಡಿ ತೊಳೆಯುವಾಗ, ಬಸ್ಸಿನಲ್ಲಿ. ಒಂದು, ಎರಡು ಸಲೀಸಾಗಿ ಹೋಯಿತು. ಆರು ಎಂದೆ. ಅಲ್ಲಿಗೆ ದೇಜಪ್ಪಣ್ಣನ ಮಾತು ನೆನಪಾಯಿತು. ಏಳೂ ಬರಲಿಲ್ಲ, ಮತ್ತೊಂದೂ ಬರಲಿಲ್ಲ. ಒಂದು ಸಲ ಬಾಯಿ ಬಿಡದೆ ಒತ್ತಿ ಎಂಟಕ್ಕೆ ಹಾರಿದೆ. ಕೆಲಸ ಹೋಯಿತು ಎಂದುಕೊಂಡೇ ಮೂವತ್ತರವರೆಗೆ ಮುಗಿಸಿದೆ. ಈ ಸಲ ನನಗೆ ಏನೂ ಕೇಳಿಸಿರಲಿಲ್ಲ, ಕೆಳಗೆ ಬಟ್ಟೆಯಂಗಡಿಯ ಕತ್ತರಿಯ ಸದ್ದು ಬಿಟ್ಟರೆ.

ಮಾಸ್ಟ್ರು ಪುಸ್ತಕದಲ್ಲಿ ಗುರುತು ಹಾಕಿದರು. "ಏಳು ಸರಿಯಾಗಿ ಬಂತು ಈ ಸಲ. ಸ್ವಲ್ಪ ಮೆಲ್ಲಗಾಯ್ತು. ಇನ್ನೂ ಗಟ್ಟಿ ಹೇಳ್ಬೇಕು" ಎಂದರು.

ನಾನು ಹೇಳಿಲ್ಲ ಎನ್ನಬಹುದಿತ್ತು. ಹೇಳಲಿಲ್ಲ. ತಕ್ಕಡಿ ನನ್ನ ಕಡೆಗೆ ವಾಲಿದಾಗ ಯಾಕೆಂದು ಕೇಳಿ ಅಭ್ಯಾಸವಿಲ್ಲ. ಕಾಗದಕ್ಕೆ ಸಹಿ ಬಿತ್ತು, ಮೊಹರು ಬಿತ್ತು, ತೆಗೆದುಕೊಂಡು ಮೆಟ್ಟಿಲಿಳಿದೆ.

ಆಮೇಲೆ ಎಷ್ಟೋ ಸಲ ತಲೆ ಕೆಡಿಸಿಕೊಂಡಿದ್ದೇನೆ. ಮಾಸ್ಟ್ರು ಕನಿಕರದಿಂದ ಪಾಸು ಮಾಡಿದರೇ? ಮುಂಡಾಜೆಯ ಸುದ್ದಿ ಅವರಿಗೆ ಮುಟ್ಟಿತ್ತೇ? ಹಮೀದ್ ಹೇಳಿದನೇ? ಹಮೀದ್ ಆಣೆ ಹಾಕಿ ಇಲ್ಲ ಎಂದ. ಮತ್ತೆ, ಕನಿಕರ ತೋರಿಸುವವರು ಮೆಲ್ಲಗಾಯಿತು ಎಂದು ತಪ್ಪು ಹುಡುಕುತ್ತಾರೆಯೇ?

ಸರಕಾರಿ ಗಾಡಿಯಲ್ಲಿ ನನಗೆ ಕೆಲಸ ಸಿಕ್ಕಿತು. ಈಗ ಹೊಸಬರಿಗೆ ನಾನೇ ಎಣಿಕೆ ಕಲಿಸುತ್ತೇನೆ. ಕಾಗದ ಮಾಡಿಸಿಕೊಳ್ಳಿ, ಅದರ ಎರಡು ನಕಲು ಬೇರೆ ಬೇರೆ ಕಡೆ ಇಡಿ, ಒತ್ತುವಾಗ ಗಟ್ಟಿಯಾಗಿ ಎಣಿಸಿ ಎನ್ನುತ್ತೇನೆ. ಈಗ ಏಳು ನನ್ನ ಬಾಯಲ್ಲಿ ಸಲೀಸಾಗಿ ಬರುತ್ತದೆ. ರೋಗಿಗಳ ಎದೆಯ ಮೇಲೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕೆಲವರು ಎದ್ದಿದ್ದಾರೆ, ಹೆಚ್ಚಿನವರು ಎದ್ದಿಲ್ಲ.

ಯಾರೂ ಇಲ್ಲದಾಗ ಬೊಂಬೆಯ ಮೇಲೆ ಕೈಯಿಟ್ಟು, ಆರಕ್ಕೆ ಬಾಯಿ ಮುಚ್ಚಿ ಕಾದು ನೋಡಿದ್ದುಂಟು. ಏನೂ ಕೇಳಲಿಲ್ಲ. ಜೀವವಿರುವ ಮನುಷ್ಯನ ಮೇಲೆ ಹಾಗೆ ಕಾದು ನೋಡಲು ನನ್ನಿಂದ ಆಗಿಲ್ಲ. ನಾನು ಏಳು ಹೇಳುವುದನ್ನು ಕಲಿತ ಮೇಲೆ ಅದನ್ನು ಬೇರೆ ಯಾರೂ ಹೇಳಿಲ್ಲ.